ಏನೂ ಇಲ್ಲದ ಜಾಗ

ನಮ್ಮೂರಿನವರಿಗೆ ಜಂಬ ಎಂದು ಸುತ್ತಲಿನ ಊರುಗಳಲ್ಲಿ ಹೆಸರಿದೆ. ತಲೆ ಎತ್ತಿಕೊಂಡೇ ನಡೆಯುತ್ತಾರೆ, ಕಾಲಿಗೆ ಕಲ್ಲು ತಾಗಿದರೂ ಬಗ್ಗಿ ನೋಡದೆ ಆಕಾಶಕ್ಕೇ ಬೈಯುತ್ತಾರೆ ಎಂದು ಆಡಿಕೊಳ್ಳುತ್ತಾರೆ. ಜಂಬವೂ ಇಲ್ಲ, ಏನೂ ಇಲ್ಲ. ನಮಗೆ ನೆಲ ಕಂಡರೆ ಭಯ. ಮಣ್ಣಿನೊಳಗಿನ ಹಳೆಯ ವಸ್ತುವನ್ನು ನಮ್ಮೂರಲ್ಲಿ ಯಾರು ಮೊದಲು ನೋಡುತ್ತಾರೋ ಅವರು ಅದನ್ನು ಅದರ ಕೆಲಸಕ್ಕೆ ಹಚ್ಚಬೇಕು, ಬದುಕಿರುವವರೆಗೆ. ದೀಪ ಸಿಕ್ಕರೆ ದಿನಾ ಬೆಳಗಬೇಕು. ಗಂಟೆ ಸಿಕ್ಕರೆ ದಿನಾ ಬಾರಿಸಬೇಕು. ಒಲ್ಲೆ ಎಂದು ಮತ್ತೆ ಹೂತರೆ, ಕೆರೆಗೆ ಎಸೆದರೆ, ಬೆಳಿಗ್ಗೆ ಅದು ಅವರ ಬಾಗಿಲ ಮುಂದೆ ಇರುತ್ತದೆ, ಅದೂ ಒರೆಸಿ ಇಟ್ಟ ಹಾಗೆ. ಯಾರು ಒರೆಸುತ್ತಾರೆ ಎಂದು ಕೇಳಬೇಡಿ. ನಾವೂ ಕೇಳುವುದಿಲ್ಲ.

ಸೈಕಲ್ ರಿಪೇರಿಯ ರುದ್ರಮುನಿ ಪಂಕ್ಚರ್ ನೋಡುವ ನೀರಿನ ತೊಟ್ಟಿಗೆಂದು ಒಂದು ಗುಂಡಿ ತೋಡಿದಾಗ ಕಲ್ಲಿನ ನ್ಯಾಯಪೀಠ ಸಿಕ್ಕಿತು. ಅಂದಿನಿಂದ ಊರಿನ ವ್ಯಾಜ್ಯಗಳೆಲ್ಲ ಅವನ ತಲೆಗೆ. ಒಂದು ಕೈಯಲ್ಲಿ ಟ್ಯೂಬು, ಇನ್ನೊಂದರಲ್ಲಿ ಸಲ್ಯೂಷನ್ ಹಿಡಿದುಕೊಂಡೇ ತೀರ್ಪು ಹೇಳುತ್ತಾನೆ. ಕ್ಷೌರದ ಮುನಿವೆಂಕಟನಿಗೆ ಕತ್ತಿ ಸಿಕ್ಕಿ, ದಿನಾ ಸಂಜೆ ಊರಿನ ಎಲ್ಲೆ ಸುತ್ತಿ ಕಾವಲು ಕಾಯಬೇಕು. ಶತ್ರುಗಳು ಮುನ್ನೂರು ವರ್ಷದಿಂದ ಈ ಕಡೆ ಬಂದಿಲ್ಲ, ಅವನ ಹೊಟ್ಟೆ ಮಾತ್ರ ಕರಗಿದೆ. ಹೊರಗಿನವರಿಗೂ ರಿಯಾಯಿತಿ ಇಲ್ಲ. ಬಳೆ ಮಾರಲು ಬಂದ ಹೆಂಗಸೊಬ್ಬಳು ಬುಟ್ಟಿ ಇಳಿಸುವಾಗ ಮಣ್ಣಿನಲ್ಲಿ ಗಾಣದ ಕಲ್ಲನ್ನು ನೋಡಿಬಿಟ್ಟಳು. ಗಾಬರಿಯಿಂದ ಊರು ಬಿಟ್ಟು ಓಡಿದಳು. ಮೂರು ದಿನ ಮೂರು ಊರಿನಲ್ಲಿ ತಂಗಿದಳು, ಮೂರು ಬೆಳಿಗ್ಗೆಯೂ ಬಾಗಿಲು ತೆಗೆದರೆ ಮುಂದೆ ಅದೇ ಗಾಣದ ಕಲ್ಲು. ಈಗ ಇಪ್ಪತ್ತು ವರ್ಷದಿಂದ ನಮ್ಮೂರಲ್ಲೇ ಎಣ್ಣೆ ತೆಗೆಯುತ್ತಿದ್ದಾಳೆ. ಎಣ್ಣೆ ಚೆನ್ನಾಗಿದೆ. ಬಳೆ ಬೇಕಾದರೆ ಮಾತ್ರ ಪಕ್ಕದೂರಿಗೆ ಹೋಗಬೇಕು.

ಹೀಗಾಗಿ ನಮ್ಮೂರಲ್ಲಿ ಯಾರೂ ಅಗೆಯುವುದಿಲ್ಲ. ಗಿಡಗಳು ಕುಂಡದಲ್ಲಿ, ಮನೆಗಳು ಬರೀ ಚಪ್ಪಡಿಯ ಮೇಲೆ. ಪಾಯ ಇಲ್ಲದ ಮನೆ ಎಷ್ಟು ದಿನ ನೆಟ್ಟಗೆ ನಿಂತೀತು? ಒಂದು ಮಳೆಗಾಲ ಕಳೆಯುವುದರೊಳಗೆ ಗೋಡೆ ವಾಲುತ್ತದೆ, ಚೌಕಟ್ಟು ಸೊಟ್ಟಗಾಗುತ್ತದೆ, ಬಾಗಿಲು ಅರ್ಧಕ್ಕೆ ನಿಲ್ಲುತ್ತದೆ. ಇಡೀ ಊರಿನಲ್ಲಿ ಪೂರ್ತಿ ಮುಚ್ಚುವ ಬಾಗಿಲು ಒಂದೂ ಇರಲಿಲ್ಲ. ಅದಕ್ಕೆ ನಾವು ಕೆಮ್ಮುವುದನ್ನು ಕಲಿತೆವು. ಯಾರ ಮನೆಗೆ ಹೋದರೂ ಹೊರಗೆ ನಿಂತು ಒಮ್ಮೆ ಕೆಮ್ಮಿಯೇ ಒಳಗೆ ಹೋಗುವುದು. ಒಬ್ಬೊಬ್ಬರದು ಒಂದೊಂದು ಕೆಮ್ಮು. ನನ್ನದು ಎರಡು ಗಿಡ್ಡ, ಒಂದು ಉದ್ದ. ಹೊಸ ಡಾಕ್ಟರು ಯಾರಾದರೂ ಬಂದರೆ ಮೊದಲ ವಾರ ಔಷಧಿ ಬರೆದೂ ಬರೆದೂ ಸುಸ್ತಾಗುತ್ತಾರೆ.

ನಾನು ಟೈಲರ್ ವಿಠೋಬ. ನಲವತ್ತಾರು ವರ್ಷ ನೆಲ ನೋಡದೆ ಬದುಕಿದವನು. ನನಗೆ ಇದುವರೆಗೆ ಏನೂ ಸಿಕ್ಕಿರಲಿಲ್ಲ, ಒಂದು ಮಡಕೆ ಚೂರು ಕೂಡ. ಊರಿನಲ್ಲಿ ಇದಕ್ಕೆ ಒಂದು ಮರ್ಯಾದೆ ಇದೆ. 'ವಿಠೋಬನ ಕೈ ಖಾಲಿ' ಎಂದು ತಾಯಂದಿರು ಮಕ್ಕಳಿಗೆ ನನ್ನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ನಾನೂ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೆ. ಆದರೆ ಕೈ ಖಾಲಿಯಾಗಿದ್ದ ಹಾಗೆ ಮನೆಯೂ ಖಾಲಿಯಾಗಿತ್ತು. ನನ್ನ ಮನಸ್ಸಿನಲ್ಲಿ ಇದ್ದದ್ದು ಭಾಗೀರಥಿ ಒಬ್ಬಳೇ.

ಭಾಗೀರಥಿಗೆ ಒಂಬತ್ತು ವರ್ಷವಾಗಿದ್ದಾಗ ಹುಣಸೆಮರದ ಕೆಳಗೆ ಒಂದು ಒಳಲೆ ಸಿಕ್ಕಿತು. ಹಸುಗೂಸಿಗೆ ಹಾಲು ಕುಡಿಸುವ, ಮೂತಿ ಇರುವ ಪುಟ್ಟ ಬಟ್ಟಲು. ಅಂದಿನಿಂದ ಊರಿನ ಪ್ರತಿಯೊಂದು ಕೂಸಿಗೂ ವರ್ಷ ತುಂಬುವವರೆಗೆ ದಿನಕ್ಕೊಂದು ಒಳಲೆ ಹಾಲು ಅವಳ ಕೈಯಿಂದಲೇ. ಕೂಸುಗಳಿಗೆ ಹೊತ್ತು ಗೊತ್ತು ಇದೆಯೇ? ಒಂದು ಬೆಳಿಗ್ಗೆ ಕುಡಿಯುತ್ತದೆ, ಇನ್ನೊಂದು ಅವಳು ಅನ್ನಕ್ಕೆ ಕೈ ಹಾಕಿದಾಗಲೇ ಬಾಯಿ ತೆರೆಯುತ್ತದೆ. ಮುಚ್ಚದ ಬಾಗಿಲಿನ ಹೊರಗೆ ಯಾರೋ ಕೆಮ್ಮುತ್ತಾರೆ, ಅವಳು ಏಳುತ್ತಾಳೆ. ಊರಿನಲ್ಲಿ ಮೂವತ್ತೆರಡು ವರ್ಷದ ಒಳಗಿನವರೆಲ್ಲ ಅವಳ ತೊಡೆಯ ಮೇಲೆ ಮಲಗಿ ಹಾಲು ಕುಡಿದವರೇ. ಮೀಸೆ ಬಂದ ಗಂಡಸರು ಕೂಡ ಅವಳ ಎದುರು ತಾವಾಗಿಯೇ ಬಾಯಿ ಒರೆಸಿಕೊಳ್ಳುತ್ತಾರೆ. ಅವಳ ರವಿಕೆ ಹೊಲಿಯುತ್ತಿದ್ದವನು ನಾನು. ಭುಜದ ಮೇಲೆ ಕೂಸುಗಳು ಕಕ್ಕಿದ ಹಾಲಿನ ಕಲೆ ಕಾಣದಿರಲೆಂದು ಯಾವಾಗಲೂ ಕೆನೆಬಣ್ಣದ ಬಟ್ಟೆಯನ್ನೇ ಆರಿಸಿಡುತ್ತಿದ್ದೆ. ಅವಳಿಗೆ ಆ ಒಳಲೆ ಸಿಕ್ಕಿದ ದಿನ ನಾನೂ ಅಲ್ಲಿದ್ದೆ. ಆ ಮಾತು ಆಮೇಲೆ.

ಹೋದ ವರ್ಷ ಒಂದು ಮಧ್ಯಾಹ್ನ ಅವಳು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸಿದಳು. ಎಚ್ಚರವಾದಾಗ ನಾಚಿಕೊಂಡಳು. ನನಗೆ ಎಲ್ಲಿಂದಲೋ ಧೈರ್ಯ ಬಂತು. "ಭಾಗೀರಥಿ, ನನ್ನ ಮದುವೆ ಆಗ್ತೀಯಾ?" ಎಂದೆ. ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ನನ್ನ ಬಾಗಿಲನ್ನು ನೋಡಿದಳು. ಅದು ಎಂದಿನ ಹಾಗೆ ಅರ್ಧ ತೆರೆದು ನಿಂತಿತ್ತು. "ಮುಚ್ಚೋ ಬಾಗಿಲಿರೋ ಮನೆ ಕಟ್ಟಿ ಟೈಲರ್ರೇ, ಬರ್ತೀನಿ. ಊಟ ಆದ್ಮೇಲೆ ಒಂದು ಗಂಟೆ ಬಾಗಿಲು ಹಾಕ್ಕೊಂಡು ನಿದ್ದೆ ಮಾಡ್ಬೇಕು. ಮೂವತ್ತೆರಡು ವರ್ಷ ಆಯ್ತು, ನಾನು ಹಗಲು ನಿದ್ದೆ ಮಾಡಿ. ಬಂಗಾರ ಬೇಡ, ರೇಷ್ಮೆ ಬೇಡ. ಒಂದು ಬಾಗಿಲು," ಎಂದಳು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನನಗೆ ಎರಡೂ ಒಟ್ಟಿಗೇ ಬಂದವು. ಬಾಗಿಲು ಮುಚ್ಚಬೇಕಾದರೆ ಗೋಡೆ ನೆಟ್ಟಗಿರಬೇಕು, ಗೋಡೆ ನೆಟ್ಟಗಿರಬೇಕಾದರೆ ಪಾಯ ಬೇಕು, ಪಾಯ ಬೇಕಾದರೆ ಅಗೆಯಬೇಕು. ಅಗೆದರೆ ಏನು ಸಿಗುತ್ತದೋ ಯಾರಿಗೆ ಗೊತ್ತು? ಯುದ್ಧದ ಕಹಳೆ ಸಿಕ್ಕರೆ ಬೆಳಗಿನ ಜಾವ ಎದ್ದು ಊದಬೇಕು. ಆಮೇಲೆ ಭಾಗೀರಥಿಗೆ ಬಾಗಿಲಿದ್ದೇನು, ಬಿಟ್ಟೇನು. ನನಗೆ ಬೇಕಾಗಿದ್ದದ್ದು ಊರ ಹಿಂದಿನ ಬಯಲಿನಲ್ಲಿ ಏನೂ ಇಲ್ಲದ ಒಂದು ಜಾಗ. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ.

ಆಗ ನೆನಪಾದದ್ದು ಇಂಚರ ಎಂಬ ಹುಡುಗಿಯ ಕಾಗದಗಳು. ಯಾವುದೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅವಳು ಮೂರು ವರ್ಷದಿಂದ ನಮ್ಮ ಊರಿಗೆ ಬರೆಯುತ್ತಲೇ ಇದ್ದಳು. ನಿಮ್ಮ ಬಯಲಿನಲ್ಲಿ ಹಳೆಯ ಊರೊಂದು ಹೂತಿರಬಹುದು, ನನ್ನ ಹತ್ತಿರ ನೆಲದ ಕಾಂತಶಕ್ತಿ ಅಳೆಯುವ ಯಂತ್ರವಿದೆ, ಒಂದು ಚಮಚ ಮಣ್ಣನ್ನೂ ಅಗೆಯದೆ ಒಳಗೆ ಏನಿದೆ ಎಂದು ತಿಳಿಯಬಹುದು, ದಯವಿಟ್ಟು ಅನುಮತಿ ಕೊಡಿ. ಊರಿನವರು ಪ್ರತಿ ಸಲವೂ ಬೇಡ ಎಂದು ಬರೆದಿದ್ದರು. ನನಗೆ ಮಾತ್ರ ಹೊಳೆಯಿತು. ಇರುವುದನ್ನು ತೋರಿಸುವ ಯಂತ್ರ ಇಲ್ಲದ್ದನ್ನೂ ತೋರಿಸಲೇಬೇಕಲ್ಲ? ರುದ್ರಮುನಿಯನ್ನು ಕಾಡಿ ಬೇಡಿ ಒಪ್ಪಿಸಿ, ಬಾರಮ್ಮ ಎಂದು ಬರೆದೆ.

ಬಂದಳು. ಇಪ್ಪತ್ತೈದು ವರ್ಷ ಇರಬಹುದು. ಬಸ್ಸಿನಿಂದ ಇಳಿದ ಕೂಡಲೇ ಹತ್ತು ಜನ ಸುತ್ತುವರಿದು, "ನೆಲ ನೋಡ್ಬೇಡಮ್ಮ, ಮೇಲೆ ನೋಡು, ಮೇಲೆ ನೋಡು" ಎಂದು ಕೂಗಿದರು. ಹೊಸಬಳು, ಅಭ್ಯಾಸವಿಲ್ಲ. ಮೇಲೆ ನೋಡಿಕೊಂಡು ನಾಲ್ಕು ಹೆಜ್ಜೆ ಇಟ್ಟಳೋ ಇಲ್ಲವೋ, ಚಪ್ಪಡಿ ಸಂದಿಗೆ ಕಾಲು ಸಿಕ್ಕಿ ಉಳುಕಿತು. ಭಾಗೀರಥಿ ಕಾಲಿಗೆ ಎಣ್ಣೆ ನೀವಿ ಬಟ್ಟೆ ಕಟ್ಟಿದಳು. ಹುಡುಗಿ ಅಳುವುದೊಂದು ಬಾಕಿ. "ಯಂತ್ರ ಹೊತ್ತು ನಾನು ನಡೀಲೇಬೇಕು. ಗೆರೆ ಹಾಕಿದ ಹಾಗೆ ನೇರಕ್ಕೆ, ಒಂದೇ ವೇಗದಲ್ಲಿ, ಕೆಳಗೆ ನೋಡದೇ ನಡೆಯೋರು ಬೇರೆ ಯಾರು ಸಿಗ್ತಾರೆ?" ಎಂದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮೂರಿನಲ್ಲಿ ಅದನ್ನು ಬಿಟ್ಟು ಬೇರೆ ನಡಿಗೆಯೇ ಯಾರಿಗೂ ಬರುವುದಿಲ್ಲ. ಒಂದೇ ವೇಗ ಬೇಕೆಂದರೆ ನಾನಿದ್ದೆ. ಹೊಲಿಗೆ ಯಂತ್ರ ತುಳಿದು ತುಳಿದು ನನ್ನ ಕಾಲು ತಾಳ ತಪ್ಪುವುದಿಲ್ಲ.

ಯಂತ್ರ ಎಂದರೆ ಎರಡು ಉದ್ದನೆಯ ಬಿಳಿ ಕೊಳವೆ, ಅವನ್ನು ಜೋಡಿಸುವ ಒಂದು ಅಡ್ಡಪಟ್ಟಿ, ಹೊಟ್ಟೆಯ ಮುಂದೆ ಒಂದು ಡಬ್ಬಿ. ಮರದ ಗೂಟ ನೆಟ್ಟು ಬಯಲನ್ನು ನೈಲಾನ್ ಹಗ್ಗದಿಂದ ಚೌಕ ಚೌಕ ಮಾಡಿಸಿದ್ದಳು. ಹಗ್ಗದ ಉದ್ದಕ್ಕೆ ನಡೆಯಬೇಕು, ತುದಿ ಮುಟ್ಟಿ ತಿರುಗಬೇಕು, ಮೊಳದಷ್ಟು ಪಕ್ಕಕ್ಕೆ ಸರಿದು ಮತ್ತೆ ನಡೆಯಬೇಕು. ಇಂಚರ ಕೊಡೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಪಾಠ ಹೇಳಿದಳು. "ಕಬ್ಬಿಣ ಕಾಣುತ್ತೆ ಅಂಕಲ್. ಸುಟ್ಟ ಮಣ್ಣು ಕಾಣುತ್ತೆ, ಗುಂಡಿ ತೋಡಿ ಮುಚ್ಚಿದ್ರೆ ಅದೂ ಕಾಣುತ್ತೆ. ಕಂಚು, ಬಂಗಾರ, ಮೂಳೆ ಇವೆಲ್ಲ ಕಾಣಲ್ಲ. ಒಲೆ ಇದೆಯಲ್ಲ, ಅದು ಕೊನೇ ಸಲ ಆರಿದಾಗ ಉತ್ತರ ದಿಕ್ಕು ಎಲ್ಲಿತ್ತೋ ಅದನ್ನ ಆ ಮಣ್ಣು ಹಾಗೇ ಹಿಡಿದಿಟ್ಟುಕೊಂಡಿರುತ್ತೆ. ಸಾವಿರ ವರ್ಷ ಆದ್ರೂ." ಇಸ್ತ್ರಿ ಬಟ್ಟೆಯಲ್ಲಿ ಮಡಿಕೆ ನಿಲ್ಲುವ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಒಂದು ಮಾತು ಒಪ್ಪಿಕೊಳ್ಳಬೇಕು. ಅವಳು ಹೇಳಿದ್ದರಲ್ಲಿ ನಡುವಿನ ಒಂದು ವಾಕ್ಯ ನನ್ನ ಕಿವಿಗೆ ಬೀಳಲೇ ಇಲ್ಲ. ಮದುವೆಗೆ ಮನೆ ಕಟ್ಟಲು ಹೊರಟವನನ್ನು ಅವಳು ಅಂಕಲ್ ಎಂದು ಕರೆದದ್ದಕ್ಕೆ ಬೇಜಾರು ಮಾಡಿಕೊಳ್ಳುತ್ತಿದ್ದೆ.

ಯಂತ್ರ ಹೊರುವವನ ಮೈಮೇಲೆ ಕಬ್ಬಿಣ ಇರಕೂಡದು. ಬೆಲ್ಟು ಬಿಚ್ಚಿದೆ, ಪೆಟ್ಟಿಗೆಯ ಬೀಗದಕೈ ಬಿಚ್ಚಿಟ್ಟೆ, ಕತ್ತರಿ ಇಟ್ಟೆ. ರುದ್ರಮುನಿಯನ್ನು ಸ್ಪ್ಯಾನರ್ ಸಮೇತ ನೂರು ಹೆಜ್ಜೆ ಆಚೆ ನಿಲ್ಲಿಸಿದೆವು, ಮುನಿವೆಂಕಟನನ್ನು ಕತ್ತಿ ಸಮೇತ ಇನ್ನೂ ಆಚೆಗೆ. ಮೊದಲ ದಿನ ಸಂಜೆ ಇಂಚರ ಲ್ಯಾಪ್‌ಟಾಪ್ ತೆರೆದು ಹುಬ್ಬು ಗಂಟಿಕ್ಕಿದಳು. ಬಯಲಿನ ಚಿತ್ರದ ತುಂಬ ಕಪ್ಪು ಬಿಳುಪಿನ ಪಟ್ಟೆಗಳು. ಒಂದಂಗುಲ ಜಾಗವೂ ಖಾಲಿ ಇಲ್ಲ. ಬಯಲಿನಡಿ ಏನು ಗರಡಿಮನೆ ಇದೆಯೋ, ಟಂಕಸಾಲೆ ಇದೆಯೋ! "ಇದು ನೆಲದ್ದಲ್ಲ ಅಂಕಲ್. ನಿಮ್ಮ ಮೈಮೇಲೇ ಏನೋ ಇದೆ," ಎಂದಳು. ಮರುದಿನ ಅಂಗಿ ಬದಲಾಯಿಸಿದೆ, ಪಟ್ಟೆ. ಪ್ಯಾಂಟು ಬಿಟ್ಟು ಪಂಚೆ ಉಟ್ಟೆ, ಪಟ್ಟೆ. ಉಡಿದಾರದ ತಾಯಿತ ಬಿಚ್ಚಿದೆ, ಮತ್ತೂ ಪಟ್ಟೆ. "ಇವನ ರಕ್ತದಲ್ಲೇ ಕಬ್ಬಿಣ ಜಾಸ್ತಿ ಇದೆ, ಸೊಪ್ಪು ತಿನ್ನೋದು ಬಿಡ್ಸಿ," ಎಂದು ರುದ್ರಮುನಿ ದೂರದಿಂದಲೇ ತೀರ್ಪು ಕೊಟ್ಟ.

ನಾಲ್ಕನೆಯ ದಿನ ಭಾಗೀರಥಿ ಬುತ್ತಿ ತಂದಳು. ಬುತ್ತಿ ಕೆಳಗಿಟ್ಟು ನನ್ನ ಹಿಂದೆ ಬಂದು ನಿಂತು, ಕಾಲರನ್ನು ಎರಡು ಬೆರಳಿನಲ್ಲಿ ಮೇಲೆತ್ತಿ, ಒಂದು ಸೂಜಿ ಎಳೆದಳು. ಆಮೇಲೆ ಇನ್ನೊಂದು. ಆಮೇಲೆ ದಾರ ಪೋಣಿಸಿದ್ದೇ ಇನ್ನೊಂದು. "ಯಾವ ಅಂಗಿ ಹಾಕಿದ್ರೂ ಮೊದಲು ಕಾಲರಿಗೆ ಸೂಜಿ ಚುಚ್ಕೋತೀರಿ ಟೈಲರ್ರೇ. ನಿಮಗೇ ಗೊತ್ತಾಗಲ್ಲ. ನಾನು ಇಪ್ಪತ್ತು ವರ್ಷದಿಂದ ನೋಡ್ತಿದೀನಿ," ಎಂದಳು. ಕಂಕುಳಲ್ಲಿ ಮಗುವಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ. ಇಂಚರ ಬಿದ್ದು ಬಿದ್ದು ನಕ್ಕಳು. ನನಗೆ ಮಾತ್ರ ನಾಚಿಕೆಗಿಂತ ಹೆಚ್ಚು ಖುಷಿಯಾಯಿತು. ಇಪ್ಪತ್ತು ವರ್ಷದಿಂದ ನನ್ನ ಕಾಲರನ್ನು ನೋಡುವವರು ಒಬ್ಬರಿದ್ದರು!

ಸೂಜಿ ಹೋದ ಮೇಲೆ ಬಯಲು ಬಾಯಿಬಿಟ್ಟಿತು. ಒಂದು ವಾರ ನಡೆದೆ. ದಿನಾ ಸಂಜೆ ಬೂದು ಬಣ್ಣದ ಚಿತ್ರ ಒಂದೊಂದೇ ಚೌಕ ಬೆಳೆಯಿತು. ಇಂಚರ ಕುಣಿದಾಡುವುದೊಂದು ಬಾಕಿ, ಅದೂ ಕಾಲು ಉಳುಕಿದ್ದಕ್ಕೆ. "ನೋಡಿ ಅಂಕಲ್, ಒಲೆ! ಇಲ್ಲೊಂದು ಒಲೆ, ಇದು ಮಡಕೆ ಸುಡೋ ಆವಿಗೆ, ಇದು ಬೀದಿ!" ಅವಳು ಅಬ್ಬಾ ಎಂದಾಗಲೆಲ್ಲ ನಾನು ಅಯ್ಯೋ ಎನ್ನುತ್ತಿದ್ದೆ. ಅವಳ ಒಂದೊಂದು ಒಲೆಯೂ ನನ್ನ ಮನೆಯಿಂದ ಒಂದೊಂದು ಕೋಣೆ ಕಿತ್ತುಕೊಳ್ಳುತ್ತಿತ್ತು. ಕೊನೆಗೆ ಒಲೆಗಳ ಲೆಕ್ಕ ನಲವತ್ತಕ್ಕೆ ಬಂತು.

ಆಗ ಊರಿನಲ್ಲಿ ಇನ್ನೊಂದು ಗುಸುಗುಸು ಎದ್ದಿತು. ಯಂತ್ರ ಹೊತ್ತವನು ವಿಠೋಬ, ಚಿತ್ರ ನೋಡಿದವನೂ ಅವನೇ, ಹಾಗಾದರೆ ನಲವತ್ತು ಒಲೆಯೂ ಅವನಿಗೇ ಸಿಕ್ಕ ಹಾಗಲ್ಲವೇ? ನಲವತ್ತು ಒಲೆ ಹಚ್ಚಿ ಊರಿಗೆಲ್ಲ ಅಡಿಗೆ ಮಾಡಿ ಹಾಕಬೇಕಲ್ಲವೇ? ಕೆಲವರು ಆಗಲೇ ಎಲೆ ತೊಳೆದು ಇಟ್ಟುಕೊಂಡಿದ್ದರು. ರುದ್ರಮುನಿ ಪೀಠದ ಮೇಲೆ ಕೂತು, ಹಳೆಯ ಟ್ಯೂಬೊಂದನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತ ಯೋಚಿಸಿದ. "ಹೋಳಿಗೆ ಚಿತ್ರ ನೋಡಿದ್ರೆ ಹೊಟ್ಟೆ ತುಂಬುತ್ತೇನ್ರಯ್ಯಾ? ಒಲೆ ಚಿತ್ರ ನೋಡಿದ್ರೆ ಒಲೆ ಸಿಕ್ಕಂಗಲ್ಲ. ನಡೀರಿ, ಕೆಲಸ ನೋಡ್ಕೊಳ್ಳಿ," ಎಂದ. ಆದರೂ ಮರುದಿನ ಬೆಳಿಗ್ಗೆ ನಾನು ಒಂದು ಕಣ್ಣು ಮುಚ್ಚಿಕೊಂಡೇ ಬಾಗಿಲಿಗೆ ಬಂದೆ. ಹೊಸ್ತಿಲ ಮುಂದೆ ಒಲೆ ಇರಲಿಲ್ಲ.

ಕೊನೆಯ ಚೌಕದಲ್ಲಿ ಅದು ಸಿಕ್ಕಿತು. ಬಯಲಿನ ಮೂಡಣ ಅಂಚಿನಲ್ಲಿ, ಎರಡು ಬೀದಿಗಳ ನಡುವೆ, ನಯವಾದ ಬೂದುಬಣ್ಣ. ಕಪ್ಪಿಲ್ಲ, ಬಿಳುಪಿಲ್ಲ. ಇಂಚರ ಸಪ್ಪೆ ಮುಖ ಮಾಡಿ, "ಇಲ್ಲಿ ಏನೂ ಇಲ್ಲ ಅಂಕಲ್," ಎಂದಳು. ನಲವತ್ತಾರು ವರ್ಷದಲ್ಲಿ ನನಗೆ ಯಾರೂ ಅಷ್ಟು ಒಳ್ಳೆಯ ಸುದ್ದಿ ಹೇಳಿರಲಿಲ್ಲ. ಅಳೆದು ನೋಡಿದರೆ ಮೂವತ್ತೆರಡು ಅಡಿ ಉದ್ದ, ಇಪ್ಪತ್ತೊಂದು ಅಡಿ ಅಗಲ. ಓಡಿಹೋಗಿ ಭಾಗೀರಥಿಗೆ ಹೇಳಿದೆ. ಅವಳು ಒಂದು ಕೂಸಿಗೆ ಹಾಲು ಕುಡಿಸುತ್ತಿದ್ದಳು. "ಬಾಗಿಲು ಯಾವ ಕಡೆ?" ಎಂದಷ್ಟೇ ಕೇಳಿದಳು. ಒಳಲೆ ಓರೆಯಾಗಿ ಕೂಸಿನ ಗಲ್ಲದ ಮೇಲೆ ಹಾಲು ಚೆಲ್ಲಿತು. ಆ ರಾತ್ರಿಯಿಂದಲೇ ನಾನು ಬಾಗಿಲಿಗೆ ಪರದೆ ಹೊಲಿಯಲು ಕೂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ನನ್ನ ಕಸುಬಿನವರಿಗೆ ಹೊಸದೇನಲ್ಲ.

ಅಗೆಯುವುದಕ್ಕೆ ಬೋರಯ್ಯ ಬಂದ. ಪಕ್ಕದ ಊರುಗಳಲ್ಲಿ ಬಾವಿ ತೋಡುವವನು, ನಮ್ಮೂರಿನವನೇ ಆದ್ದರಿಂದ ಇಲ್ಲಿ ಗುದ್ದಲಿ ಹಿಡಿದರೆ ಮೊದಲು ಕಣ್ಣಿಗೆ ಟವೆಲ್ ಕಟ್ಟಿಕೊಳ್ಳುತ್ತಾನೆ. ಊರಿಗೆ ಊರೇ ಬಯಲಿಗೆ ಬಂದಿತ್ತು. ನೋಡಲು ಬಂದವರು ಎನ್ನುವ ಹಾಗಿಲ್ಲ, ಎಲ್ಲರ ಮುಖವೂ ಆಕಾಶಕ್ಕೆ. ಒಂದು ಬದಿಯ ಪಾಯ ಮುಗಿಯಿತು, ಏನಿಲ್ಲ. ಎರಡನೆಯದು, ಏನಿಲ್ಲ. ಮೂರನೆಯ ಬದಿಯಲ್ಲಿ ಸೊಂಟದ ಆಳಕ್ಕೆ ಇಳಿದಾಗ ಗುದ್ದಲಿ ಟಣ್ ಎಂದಿತು.

ಬೋರಯ್ಯ ಗುದ್ದಲಿ ಬಿಟ್ಟು, ಟವೆಲಿನ ಮೇಲೆ ಎರಡೂ ಕೈ ಒತ್ತಿಕೊಂಡು, "ನಾನು ನೋಡಿಲ್ಲ, ನಮ್ಮವ್ವನಾಣೆ ನೋಡಿಲ್ಲ," ಎಂದು ಮೇಲೆ ಹತ್ತಿಬಂದ. ಇಂಚರ ಕುರ್ಚಿಯಿಂದ ಎದ್ದು ಬಾಯಿಗೆ ಕೈ ಇಟ್ಟುಕೊಂಡಳು. "ಅದು ಕಬ್ಬಿಣ ಅಲ್ಲ. ಸುಟ್ಟ ಮಣ್ಣೂ ಅಲ್ಲ. ಕಂಚೇ ಇರಬೇಕು. ಕಂಚು ಕಾಣಲ್ಲ ಅಂತ ಮೊದಲನೇ ದಿನವೇ ಹೇಳಿದ್ದೆ ಅಂಕಲ್!" ಆಮೇಲೆ ಕಣ್ಣು ಅರಳಿಸಿ, "ನಾನು ನೋಡ್ತೀನಿ. ಇಷ್ಟು ವರ್ಷ ಬರೀ ಬೂದು ಚಿತ್ರ ನೋಡಿದೀನಿ. ಒಂದು ಸಲವೂ ವಸ್ತುವನ್ನ ಕಣ್ಣಾರೆ ಮೊದಲು ನೋಡಿಲ್ಲ. ಏನಾದ್ರೂ ಆಗ್ಲಿ, ನಾನು ನೋಡ್ತೀನಿ," ಎಂದು ಕುಂಟುತ್ತ ಗುಂಡಿಯ ಕಡೆ ಬಂದಳು.

ನೋಡಲಿ ಬಿಡು ಎಂದು ನನ್ನ ಒಳಗೊಂದು ದನಿ ಹೇಳಿತು, ಸುಳ್ಳೇಕೆ ಹೇಳಲಿ. ಅವಳು ನೋಡಿದರೆ ಅದು ಅವಳ ಪಾಲು. ನನ್ನ ಕೈ ಖಾಲಿ ಉಳಿಯುತ್ತದೆ, ಪಾಯ ಏಳುತ್ತದೆ, ಬಾಗಿಲು ಮುಚ್ಚುತ್ತದೆ. ಅವಳೇ ಬೇಕೆನ್ನುತ್ತಿದ್ದಾಳೆ, ನಾನೇನು ತಳ್ಳಿದೆನೇ? ಅಷ್ಟರಲ್ಲಿ ಭಾಗೀರಥಿಯ ಮೇಲೆ ಕಣ್ಣು ಹೋಯಿತು. ಅಷ್ಟು ಜನರಲ್ಲಿ ಅವಳೊಬ್ಬಳು ಆಕಾಶ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಆಮೇಲೆ ಹೇಳುತ್ತೇನೆ ಎಂದ ಮಾತು ಇದು. ಅವಳಿಗೆ ಒಂಬತ್ತು, ನನಗೆ ಹದಿನಾಲ್ಕು. ಹುಣಸೆಮರಕ್ಕೆ ಕಲ್ಲು ಹೊಡೆದವನು ನಾನು. ಹಣ್ಣು ಬಿದ್ದ ಜಾಗದಲ್ಲಿ ಮಣ್ಣಿನೊಳಗಿಂದ ಏನೋ ಮಿಂಚಿದ ಹಾಗಾಯಿತು, ಕಣ್ಣಂಚಿಗೆ. ಏನೆಂದು ಕಾಣುವ ಮೊದಲೇ ನಾನು ಗಬಕ್ಕನೆ ಗದ್ದ ಎತ್ತಿ ಆಕಾಶ ನೋಡಿದೆ. ಹತ್ತಿರದಲ್ಲಿ ದೊಡ್ಡವರೂ ಇದ್ದರು, ಅವರೂ ಎತ್ತಿದರು. ಬಗ್ಗಬೇಡ ಎಂದು ಅವಳಿಗೆ ಒಂದು ಮಾತು ನಾನು ಹೇಳಬಹುದಿತ್ತು. ಹೇಳಲಿಲ್ಲ. ಯಾರಾದರೂ ಬೇಗ ನೋಡಿಬಿಟ್ಟರೆ ಸಾಕು ಎಂದು ಕಾಯುತ್ತಿದ್ದೆ. ಹಣ್ಣು ಹೆಕ್ಕಲು ಅವಳು ಬಗ್ಗಿದಳು. ಮೂವತ್ತೆರಡು ವರ್ಷ ನನ್ನ ಕೈ ಖಾಲಿ ಇದ್ದದ್ದು ಅವಳ ಕೈ ತುಂಬಿದ್ದರಿಂದ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಒಂದು ದಿನವೂ ಮಾತಾಗಿ ಬಂದಿರಲಿಲ್ಲ.

ಇಂಚರಳ ತೋಳು ಹಿಡಿದು ನಿಲ್ಲಿಸಿದೆ. "ನಿಮ್ಮಮ್ಮ ದಿನಕ್ಕೆ ಮೂರು ಸಲ ಫೋನ್ ಮಾಡ್ತಾರೆ ಕಣಮ್ಮ, ಊಟ ಆಯ್ತಾ ಅಂತ. ನೀನು ಮನೆಗೆ ಹೋಗ್ಬೇಕು. ಮೊದಲು ನಾನು ನೋಡ್ತೀನಿ, ಎರಡನೇದಾಗಿ ಎಷ್ಟು ಬೇಕಾದ್ರೂ ನೋಡು," ಎಂದೆ. ಗುಂಡಿಗೆ ಇಳಿದೆ. ಕತ್ತು ಬಗ್ಗಿಸುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಅಭ್ಯಾಸವಿಲ್ಲದ ನರಗಳು ಕಟಕಟ ಎಂದವು. ಬಗ್ಗಿದೆ, ನೋಡಿದೆ. ನೆಲ ಎಂದರೆ ಹೀಗಿರುತ್ತದೆಯೇ ಎನ್ನಿಸಿತು. ಕೆಂಪು ಮಣ್ಣು, ಎರಡು ಇರುವೆ, ಒಂದು ಬೇರಿನ ತುದಿ. ಅದರ ನಡುವೆ ಹಸಿರುಗಟ್ಟಿದ ಗೇಣುದ್ದದ ಒಂದು ಕಂಚಿನ ಸರಳು, ಒಂದು ತುದಿಗೆ ಮೊಗ್ಗಿನಂಥ ಹಿಡಿ.

ಮೇಲಿನಿಂದ ರುದ್ರಮುನಿ, "ಏನದು? ಏನದು ಹೇಳೋ ಮಾರಾಯಾ!" ಎಂದು ಆಕಾಶಕ್ಕೆ ಕೂಗಿದ. ಎತ್ತಿ ಮಣ್ಣು ಒರೆಸಿದೆ. ಮತ್ತೆ ನೋಡಿದೆ. "ಚಿಲಕ," ಎಂದೆ. "ಬಾಗಿಲಿನ ಚಿಲಕ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ನಮ್ಮೂರಿನ ಮಕ್ಕಳು ಚಿಲಕವನ್ನು ಕಂಡವರೇ ಅಲ್ಲ. ಚಿಲಕ ಸಿಕ್ಕವನು ಏನು ಮಾಡಬೇಕು ಎಂದು ಯಾರೋ ಕೇಳಿದರು. "ಇನ್ನೇನು ಮಾಡೋದು? ದಿನಾ ಬಾಗಿಲು ಹಾಕ್ಬೇಕು!" ಎಂದು ಬೋರಯ್ಯ ಟವೆಲಿನೊಳಗಿಂದಲೇ ಹೇಳಿದ. ಭಾಗೀರಥಿ ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತು ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೆಂದು ನಾನು ಅಂದುಕೊಂಡೆ. ಹತ್ತಿರ ಹೋದರೆ ಅಳುತ್ತಿದ್ದಳು. "ಕಡೆಗೂ ಬಗ್ಗಿದ್ರಲ್ಲ ಟೈಲರ್ರೇ," ಎಂದಳು. ನಾನು ಅವಳ ಪಕ್ಕ ಕೂತು ಆ ದಿನಕ್ಕೆ ಕ್ಷಮೆ ಕೇಳಿದೆ. "ಇಷ್ಟು ತಡ ಮಾಡಿ ಕೇಳ್ತೀರಲ್ಲ," ಎಂದು ಬೈದು, ಸೆರಗಿನಿಂದ ನನ್ನ ಹಣೆಯ ಮಣ್ಣು ಒರೆಸಿದಳು. ಇಂಚರ ಎರಡನೆಯವಳಾಗಿ ಚಿಲಕವನ್ನು ಅರ್ಧ ಗಂಟೆ ತಿರುಗಿಸಿ ತಿರುಗಿಸಿ ನೋಡಿದಳು. ಮರುದಿನ ನಲವತ್ತು ಒಲೆಗಳ ಚಿತ್ರವನ್ನು ಚೀಲದಲ್ಲಿಟ್ಟುಕೊಂಡು, ಭಾಗೀರಥಿ ಕೊಟ್ಟ ಚಟ್ನಿಪುಡಿಯನ್ನು ಅದಕ್ಕಿಂತ ಜೋಪಾನವಾಗಿ ಇಟ್ಟುಕೊಂಡು, ಬಸ್ಸು ಹತ್ತಿದಳು.

ಮನೆ ಏಳುವಷ್ಟರಲ್ಲಿ ತಾಯಂದಿರೆಲ್ಲ ಸೇರಿ ರುದ್ರಮುನಿಯ ಹತ್ತಿರ ದೂರು ಒಯ್ದರು. ಬಾಗಿಲು ಹಾಕಿದಾಗ ಕೂಸು ಹಾಲಿಗೆ ಅತ್ತರೆ ಏನು ಗತಿ? ಒಳಲೆ ಮೊದಲು ಸಿಕ್ಕಿದ್ದು, ಚಿಲಕ ಈಗ ಬಂದದ್ದು. ರುದ್ರಮುನಿ ಎರಡು ಟ್ಯೂಬಿಗೆ ಪಂಕ್ಚರ್ ಹಾಕಿ ಮುಗಿಸುವವರೆಗೆ ಯೋಚಿಸಿದ. "ಒಳಲೆಗೆ ಎಷ್ಟು ಮಾನವೋ ಚಿಲಕಕ್ಕೂ ಅಷ್ಟೇ ಮಾನ. ಇಪ್ಪತ್ಮೂರು ಗಂಟೆ ಒಳಲೆದು, ಒಂದು ಗಂಟೆ ಚಿಲಕದ್ದು. ಇದಕ್ಕಿಂತ ಹೆಚ್ಚಿಗೆ ಒಳಲೆಗೆ ಕೊಡಕ್ಕೆ ನನ್ನ ಹತ್ರ ಗಂಟೆ ಇಲ್ಲ," ಎಂದ. ತಾಯಂದಿರು ಗೊಣಗಿಕೊಂಡು ಹೋದರು.

ಮದುವೆಯ ಮರುದಿನ ಊಟವಾಯಿತು. ಭಾಗೀರಥಿ ಒಳಲೆ ತೊಳೆದು ಬೋರಲು ಹಾಕಿ, ಚಾಪೆ ಬಿಡಿಸಿದಳು. ನಾನು ಬಾಗಿಲು ದೂಡಿದೆ. ಅದು ಸದ್ದಿಲ್ಲದೆ ಬಂದು ಚೌಕಟ್ಟಿಗೆ ಪೂರ್ತಿ ಕೂತುಕೊಂಡಿತು. ಚಿಲಕ ಸರಿಸಿದೆ. ಟಕ್. ನಮ್ಮೂರಿನಲ್ಲಿ ಯಾರೂ ಕೇಳಿರದ ಸದ್ದು. ಅವಳು ಗೋಡೆಗೆ ಮುಖ ಮಾಡಿ ಮಲಗಿದವಳು ಎರಡು ಉಸಿರಿಗೆ ನಿದ್ದೆ ಹೋದಳು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ, ಕೆಮ್ಮು ಈಗ ಬರುತ್ತದೆ, ಈಗ ಬರುತ್ತದೆ ಎಂದು. ಬರಲಿಲ್ಲ. ಬಾಗಿಲ ಸಂದಿಯಿಂದ ನೋಡೋಣವೆಂದರೆ ಸಂದಿಯೇ ಇಲ್ಲ! ಮೆಲ್ಲಗೆ ಎದ್ದು ಕಿಟಕಿಗೆ ಹೋದೆ.

ಜಗಲಿಯ ತುಂಬ ಜನ. ಏಳು ತಾಯಂದಿರು, ಏಳು ಕೂಸು. ಅಳುವ ಒಂದು ಕೂಸನ್ನು ರುದ್ರಮುನಿ ಎತ್ತಿಕೊಂಡು, ಅದರ ಬಾಯಿಗೆ ತನ್ನ ಮೀಸೆಯ ತುದಿ ಕೊಟ್ಟು, ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದ. ಮುನಿವೆಂಕಟ ಕತ್ತಿ ಹಿಡಿದು ಬೀದಿಯ ತಿರುವಿನಲ್ಲಿ ನಿಂತು, ಬರುವವರನ್ನೆಲ್ಲ ಶ್ ಎನ್ನುತ್ತಿದ್ದ. ಮುನ್ನೂರು ವರ್ಷದ ಮೇಲೆ ಅವನಿಗೆ ಕಾವಲು ಕಾಯಲು ಏನೋ ಒಂದು ಸಿಕ್ಕಿತ್ತು. ಬೋರಯ್ಯ ಕೆಮ್ಮು ಬರದಿರಲೆಂದು ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದ. ಗಂಟೆ ಆಯಿತು ಎಂದು ನಾನು ಕಿಟಕಿಯಿಂದ ಕೈಸನ್ನೆ ಮಾಡಿದೆ. ಏಳೂ ತಾಯಂದಿರು ಒಟ್ಟಿಗೆ ತಲೆ ಅಲ್ಲಾಡಿಸಿ, ಇನ್ನೂ ಮಲಗಲಿ ಎಂದು ಸನ್ನೆ ಮಾಡಿದರು. ಅವರಲ್ಲಿ ಆರು ಜನ ಇವಳ ತೊಡೆಯ ಮೇಲೆ ಬೆಳೆದವರೇ.

ನೆರಳು ಜಗಲಿ ದಾಟಿದ ಮೇಲೆ ಅವಳಿಗೆ ಎಚ್ಚರವಾಯಿತು. ಮಲಗಿದಲ್ಲೇ ಬಾಗಿಲು ನೋಡಿದಳು. "ರೀ," ಎಂದಳು. ನನ್ನನ್ನು ಅವಳು ಹಾಗೆ ಕರೆದದ್ದು ಅದೇ ಮೊದಲು. "ಯಾರೂ ಬರಲಿಲ್ವಾ?"

"ಯಾರೂ ಇಲ್ಲ. ಮಲಕ್ಕೋ," ಎಂದೆ.

ಅಷ್ಟರಲ್ಲಿ ಬೋರಯ್ಯನಿಗೆ ತಡೆಯಲಾಗಲಿಲ್ಲ. ಹೊರಗೆ ಅವನ ಕೆಮ್ಮು ಸಿಡಿಯಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು, ಅಷ್ಟು ಹೊತ್ತು ತಡೆಹಿಡಿದಿದ್ದ ಇಡೀ ಊರಿನ ಕೆಮ್ಮೆಲ್ಲ ಒಟ್ಟಿಗೇ. ಏಳು ಕೂಸುಗಳೂ ಬೆಚ್ಚಿ ಅಳತೊಡಗಿದವು. ಭಾಗೀರಥಿ ಎದ್ದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೂದಲು ಗಂಟು ಹಾಕಿಕೊಂಡು, ಬೋರಲು ಹಾಕಿದ್ದ ಒಳಲೆಯನ್ನು ಎತ್ತಿ ಸೆರಗಿನಲ್ಲಿ ಒರೆಸಿದಳು. "ತೆಗೀರಿ ಬಾಗಿಲು, ಪಾಪ," ಎಂದಳು. ನಾನು ಚಿಲಕ ಸರಿಸಿದೆ.